ಕೈಯಲ್ಲಿದ್ದ ದುಡ್ಡು ಕೆಲಸಕ್ಕೆ ಬರಬೇಕಾದರೆ

2023ರ ಏಪ್ರಿಲ್ 15ರಂದು ಸುಡಾನ್ ದೇಶದ ರಾಜಧಾನಿ ಖಾರ್ಟೂಮಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾದಾಟ ಶುರುವಾಯಿತು. ಮೊದಲ ದಿನವೇ ವಿಮಾನ ನಿಲ್ದಾಣ ಮುಚ್ಚಿತು, ಬ್ಯಾಂಕುಗಳು ಬಾಗಿಲು ಹಾಕಿದವು. ಆ ವಾರ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿದ್ದದ್ದು ಅಲ್ಲಿ ಸಿಲುಕಿದ ಹಕ್ಕಿಪಿಕ್ಕಿ ಬುಡಕಟ್ಟಿನ 31 ಮಂದಿಯ ಸುದ್ದಿ. ಅವರಲ್ಲಿ 19 ಮಂದಿ ಹುಣಸೂರಿನ ಕಡೆಯವರು, ಏಳು ಮಂದಿ ಶಿವಮೊಗ್ಗದವರು, ಐದು ಮಂದಿ ಚನ್ನಗಿರಿಯವರು ಎಂದು ಆಗ ವರದಿಯಾಗಿತ್ತು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋಗಿದ್ದ ಆ ಜನರಲ್ಲಿ ಹಲವರು ಖಾರ್ಟೂಮಿನಲ್ಲೂ ಇರಲಿಲ್ಲ. ದೂರದ ಡಾರ್ಫರ್ ಪ್ರಾಂತ್ಯದ ಎಲ್ ಫಾಶರ್ ಪಟ್ಟಣದಲ್ಲಿದ್ದರು. ಅವರ ಹತ್ತಿರ ಮಾರಿ ಉಳಿದ ಸರಕಿತ್ತು, ಸುಡಾನಿ ಪೌಂಡುಗಳಿದ್ದವು, ಊರಿನ ಬ್ಯಾಂಕಿನಲ್ಲಿ ಖಾತೆ ಇತ್ತು. ಕಾದಾಟದ ನಡುವೆ ಸರಕು ಕೊಳ್ಳುವವರಿಲ್ಲ, ಪೌಂಡು ಗಡಿ ದಾಟಿದರೆ ನಡೆಯುವುದಿಲ್ಲ, ಊರಿನ ಖಾತೆಯಿಂದ ಅಲ್ಲಿಗೆ ಹಣ ತರಿಸಲು ದಾರಿಯಿಲ್ಲ. ಪರದೇಶಕ್ಕೆ ಹೋಗುವವರು ಜೇಬುಗಳ್ಳರಿಗೆ ಹೆದರುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ, ಇದ್ದ ದುಡ್ಡೇ ಬೇಕಾದ ಹೊತ್ತಿಗೆ ಕೆಲಸಕ್ಕೆ ಬಾರದೆ ಹೋಗುವುದು. ಹಾಗಾಗದಂತೆ ಹೊರಡುವ ಮೊದಲೇ ಏನು ಮಾಡಿಕೊಳ್ಳಬಹುದು ಎಂಬುದನ್ನು ಹೇಳಲು ಈ ಲೇಖನ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಹಕ್ಕಿಪಿಕ್ಕಿಗಳ ದೊಡ್ಡ ನೆಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ಕಸುಬು ನಿಂತು, ಕಾಡಿನ ಬೇರು-ಸೊಪ್ಪಿನ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ಇವರು ವ್ಯಾಪಾರಕ್ಕೆ ಇಳಿದರು. ಮೊದಲು ಜಾತ್ರೆ, ಆಮೇಲೆ ಉತ್ತರದ ರಾಜ್ಯಗಳು, ಈಗ ಆಫ್ರಿಕಾದ ದೇಶಗಳು. ಶಾಲೆ ಹೆಚ್ಚು ಕಾಣದಿದ್ದರೂ ನಾಲ್ಕಾರು ಭಾಷೆ ಮಾತಾಡಿ, ಹೊಸ ದೇಶದಲ್ಲಿ ಗಿರಾಕಿ ಹುಡುಕಿ ಬದುಕು ಕಟ್ಟಿಕೊಳ್ಳುವ ಈ ಜನರ ಧೈರ್ಯ ದೊಡ್ಡದು. ಆದರೆ ವ್ಯಾಪಾರದಲ್ಲಿ ಇರುವ ಚಾಕಚಕ್ಯತೆಗೆ ತಕ್ಕ ವ್ಯವಸ್ಥೆ ಹಣದ ವಿಷಯದಲ್ಲಿ ಅವರಿಗೆ ಯಾರೂ ಒದಗಿಸಿಕೊಟ್ಟಿಲ್ಲ. ಇದು ಅವರೊಬ್ಬರ ಮಾತೂ ಅಲ್ಲ. ಪಿರಿಯಾಪಟ್ಟಣದಿಂದ ಗಲ್ಫ್‌ಗೆ ದುಡಿಯಲು ಹೋಗುವ ಹುಡುಗ, ಕೆ.ಆರ್. ನಗರದಿಂದ ಓದಲು ಹೊರಡುವ ಹುಡುಗಿ, ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ಥಾಯ್ಲೆಂಡ್ ನೋಡಿ ಬರೋಣವೆಂದು ಗುಂಪು ಕಟ್ಟುವ ಎಚ್.ಡಿ. ಕೋಟೆಯ ರೈತರು, ಮಾಲ್ಡೀವ್ಸ್‌ನಲ್ಲಿ ಸಮುದ್ರದಾಳಕ್ಕೆ ಇಳಿದು ಹವಳ ನೋಡುವ ಆಸೆಯ ಯುವಕರು, ಎಲ್ಲರೂ ಹೊರಡುವ ಮುನ್ನ ಕೇಳುವ ಪ್ರಶ್ನೆ ಒಂದೇ: ಡಾಲರಿಗೆ ಇವತ್ತು ಎಷ್ಟು? ದರದ ಪ್ರಶ್ನೆ ತಪ್ಪಲ್ಲ, ಆದರೆ ಅದು ಎರಡನೆಯ ಪ್ರಶ್ನೆ. ಒಂದು ಡಾಲರಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಸಾವಿರ ಡಾಲರಿಗೆ ಆಗುವ ನಷ್ಟ ಸಾವಿರ ರೂಪಾಯಿ. ಹಣವಿದ್ದೂ ಹಣವಿಲ್ಲದವರಂತೆ ಒಂದು ವಾರ ಪರದೇಶದಲ್ಲಿ ಕೂತರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಟ್ಟು. ಈ ಹಣ ಅಲ್ಲಿ, ಕೆಟ್ಟ ದಿನದಲ್ಲೂ, ನನ್ನ ಕೈಗೆ ಸಿಗುತ್ತದೆಯೇ ಎಂಬುದು ಮೊದಲ ಪ್ರಶ್ನೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಹಣವನ್ನು ಒಂದೇ ರೂಪದಲ್ಲಿ ಒಯ್ಯಬಾರದು ಎಂಬುದು ತಾನಾಗಿ ಹೊರಡುತ್ತದೆ. ಹೊಗೆಸೊಪ್ಪಿನ ಬೆಳೆಗಾರ ತನ್ನ ಎಲ್ಲ ಬೇಲುಗಳನ್ನೂ ಒಂದೇ ದಿನದ ಹರಾಜಿಗೆ ಹಾಕುವುದಿಲ್ಲ, ಹಾಗೆಯೇ ಇದೂ. ಒಂದಿಷ್ಟು ಗಟ್ಟಿ ವಿದೇಶಿ ನೋಟು, ಒಂದಿಷ್ಟು ಕಾರ್ಡಿನಲ್ಲಿ, ದಿನದ ಖರ್ಚಿಗೆ ಬೇಕಾದಷ್ಟೇ ಆ ದೇಶದ ಹಣ, ಮತ್ತು ಊರಿನಲ್ಲಿ ನಂಬಿಕಸ್ಥರ ಕೈಯಲ್ಲಿ ಕಾದಿಟ್ಟ ಒಂದು ಪಾಲು. ಇವುಗಳಲ್ಲಿ ಮೊದಲನೆಯದಕ್ಕೆ ಸರ್ಕಾರದ ಮಿತಿಗಳಿವೆ. ಹೆಚ್ಚಿನ ದೇಶಗಳಿಗೆ ಹೋಗುವಾಗ ಒಂದು ಪ್ರಯಾಣಕ್ಕೆ 3,000 ಡಾಲರಿಗೆ ಸಮನಾದ ವಿದೇಶಿ ನೋಟುಗಳನ್ನು ಮಾತ್ರ ಕೊಳ್ಳಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಉಳಿದದ್ದು ಕಾರ್ಡಿನಲ್ಲೋ ಬ್ಯಾಂಕಿನ ಮೂಲಕವೋ ಹೋಗಬೇಕು. ಎಲ್ಲ ಬಗೆಯೂ ಸೇರಿ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಮಿತಿ. ನಮ್ಮಲ್ಲಿ ಅಷ್ಟು ಒಯ್ಯುವವರು ವಿರಳ. ಪ್ಯಾನ್ ಕಾರ್ಡ್ ಇರಬೇಕು. 50,000 ರೂಪಾಯಿಗಿಂತ ಕಡಿಮೆ ಮೊತ್ತದ ವಿದೇಶಿ ಹಣಕ್ಕೆ ನಗದು ಕೊಡಬಹುದು, ಅದಕ್ಕೆ ಮೇಲ್ಪಟ್ಟದ್ದನ್ನು ಖಾತೆಯಿಂದಲೇ ಕಟ್ಟಬೇಕು. ಕೊಂಡ ಹಣವನ್ನು 60 ದಿನಗಳೊಳಗೆ ಪ್ರಯಾಣಕ್ಕೆ ಬಳಸದಿದ್ದರೆ ಹಿಂದಿರುಗಿಸಬೇಕು, ಆದ್ದರಿಂದ ವೀಸಾ ಕೈಗೆ ಬಂದ ಮೇಲೆ ಕೊಳ್ಳುವುದು ಒಳ್ಳೆಯದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ಹೀಗೆ ಕೊಂಡ ಹಣಕ್ಕೆ ಮೂಲದಲ್ಲೇ ತೆರಿಗೆ ಹಿಡಿಯುವುದಿಲ್ಲ. ನಮ್ಮ ರೂಪಾಯಿ ನೋಟನ್ನು ಹೊರಗೆ ಒಯ್ಯುವ ಮಿತಿ 25,000. ನೇಪಾಳ, ಭೂತಾನ್‌ಗಳ ನಿಯಮ ಬೇರೆ. ಮರಳಿ ಬಂದು ವಿಮಾನ ನಿಲ್ದಾಣದಿಂದ ಹುಣಸೂರು ಸೇರುವಷ್ಟು ರೂಪಾಯಿ ಸಾಕು, ಏಕೆಂದರೆ ಆಫ್ರಿಕಾದ ಸಂತೆಯಲ್ಲಿ ರೂಪಾಯಿಗೆ ಗಿರಾಕಿಯಿಲ್ಲ.

ಎಲ್ಲಿ ಕೊಳ್ಳಬೇಕು ಎಂಬುದಕ್ಕೂ ಒಂದು ಮಾತು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕು ಅಥವಾ ಹಣ ವಿನಿಮಯ ಅಂಗಡಿಯಲ್ಲಿ ಮಾತ್ರ ಕೊಳ್ಳಿ. ನಿಮ್ಮ ಊರಿನ ಶಾಖೆಯಲ್ಲಿ ಡಾಲರ್ ನೋಟು ಸಿಗದಿದ್ದರೆ ಮೈಸೂರಿಗೆ ಹೋಗಿ ಎರಡು ಮೂರು ಕಡೆ ದರ ಕೇಳಿ. ವಿಮಾನ ನಿಲ್ದಾಣದ ಕೌಂಟರಿಗೆ ಉಳಿಸಿಕೊಂಡರೆ ಸಾಮಾನ್ಯವಾಗಿ ಹೆಚ್ಚು ತೆರಬೇಕಾಗುತ್ತದೆ. ರಸೀದಿಯನ್ನು ಬಿಸಾಡಬೇಡಿ. ಕಸ್ಟಮ್ಸ್‌ನವರು ಕೇಳಿದರೆ ಆ ಹಣ ನ್ಯಾಯವಾದದ್ದು ಎಂದು ತೋರಿಸಲು ಅದೇ ಆಧಾರ. ನೋಟು ಎಣಿಸಿಕೊಳ್ಳುವಾಗ ಒಂದೊಂದನ್ನೂ ತಿರುವಿ ನೋಡಿ. ಆಫ್ರಿಕಾದ ಹಲವು ದೇಶಗಳಲ್ಲಿ ಹಳೆಯ ಸರಣಿಯ ಡಾಲರ್ ನೋಟುಗಳನ್ನು ಮುಟ್ಟುವುದಿಲ್ಲ. 100 ಡಾಲರಿನ ನೋಟಾದರೆ 2013ರ ಅಕ್ಟೋಬರಿನಿಂದ ಚಲಾವಣೆಗೆ ಬಂದ, ನಡುವೆ ನೀಲಿ ಪಟ್ಟಿಯಿರುವ ನೋಟನ್ನೇ ಕೇಳಿ ತೆಗೆದುಕೊಳ್ಳಿ. ಪೆನ್ನಿನ ಗೀರು, ರಬ್ಬರ್ ಮುದ್ರೆ, ಅಂಚಿನಲ್ಲಿ ಚಿಕ್ಕ ಹರುಕು ಇದ್ದರೂ ಅಲ್ಲಿ ತಿರಸ್ಕರಿಸುತ್ತಾರೆ, ಇಲ್ಲವೆ ದರ ಕಡಿಮೆ ಮಾಡುತ್ತಾರೆ. ದೊಡ್ಡ ನೋಟಿಗೆ ಒಳ್ಳೆಯ ದರ, ಚಿಕ್ಕದಕ್ಕೆ ಕಡಿಮೆ ದರ ಕೊಡುವ ರೂಢಿಯೂ ಅಲ್ಲಿದೆ. ಹಾಗೆಂದು ಎಲ್ಲವನ್ನೂ ನೂರರ ನೋಟಿನಲ್ಲೇ ಒಯ್ದರೆ, ಹತ್ತು ಡಾಲರ್ ಕೊಡಬೇಕಾದ ಕಡೆ ನೂರರ ನೋಟು ಕೊಟ್ಟು ಚಿಲ್ಲರೆಗೆ ಕಾಯಬೇಕಾಗುತ್ತದೆ. ಹತ್ತು, ಇಪ್ಪತ್ತರ ಕೆಲವು ನೋಟುಗಳೂ ಇರಲಿ.

ಡಾಲರೇ ಎಲ್ಲ ಕಡೆಗೂ ಸರಿಯಾದ ನೋಟು ಎನ್ನುವಂತಿಲ್ಲ. ಗ್ಯಾಬನ್, ಕ್ಯಾಮರೂನ್, ಕಾಂಗೋ-ಬ್ರಾಜವಿಲ್, ಚಾಡ್ ಮೊದಲಾದ ಆರು ದೇಶಗಳಲ್ಲಿ ಮಧ್ಯ ಆಫ್ರಿಕಾದ ಸಿಎಫ್‌ಎ ಫ್ರಾಂಕ್ ನಡೆಯುತ್ತದೆ. ಸೆನೆಗಲ್, ಐವರಿ ಕೋಸ್ಟ್, ಮಾಲಿ, ಟೋಗೊ ಮೊದಲಾದ ಎಂಟು ದೇಶಗಳದ್ದು ಪಶ್ಚಿಮ ಆಫ್ರಿಕಾದ ಸಿಎಫ್‌ಎ ಫ್ರಾಂಕ್. ಎರಡರ ಹೆಸರೂ ಒಂದೇ, ಬೆಲೆಯೂ ಒಂದೇ: ಒಂದು ಯೂರೋಗೆ 655.957 ಫ್ರಾಂಕ್ ಎಂದು ಕಟ್ಟಿಹಾಕಿದ್ದಾರೆ. ಆದರೆ ಒಂದರ ನೋಟು ಇನ್ನೊಂದರ ಅಂಗಡಿಯಲ್ಲಿ ನಡೆಯುವುದಿಲ್ಲ. ಸೆನೆಗಲ್‌ನಲ್ಲಿ ವ್ಯಾಪಾರ ಮುಗಿಸಿ ಅದೇ ಫ್ರಾಂಕ್ ಕಟ್ಟನ್ನು ಹಿಡಿದು ಗ್ಯಾಬನ್‌ಗೆ ಹೋದವರು ಹಣವಿದ್ದೂ ಪರದಾಡಬೇಕಾಗುತ್ತದೆ. ಈ ಹದಿನಾಲ್ಕು ದೇಶಗಳಿಗೆ ಡಾಲರಿಗಿಂತ ಯೂರೋ ನೋಟು ಒಯ್ಯುವುದು ಜಾಣತನ. ಯೂರೋ ಮತ್ತು ಫ್ರಾಂಕ್‌ಗಳ ನಡುವಿನ ದರ ದಿನದಿನಕ್ಕೆ ಏರಿಳಿಯದ ಕಾರಣ ಬದಲಾಯಿಸುವವನು ಎಷ್ಟು ಮುರಿದುಕೊಂಡ ಎಂಬುದು ಎದುರಿಗೇ ಲೆಕ್ಕಕ್ಕೆ ಸಿಗುತ್ತದೆ. ಉಳಿದ ಫ್ರಾಂಕ್ ಅನ್ನು ಆ ವಲಯ ಬಿಡುವ ಮೊದಲೇ ಯೂರೋಗೆ ಬದಲಾಯಿಸಿಕೊಳ್ಳಿ. ಮೈಸೂರಿಗೆ ತಂದರೆ ಅದನ್ನು ಕೊಳ್ಳುವವರು ಸಿಗುವುದು ಕಷ್ಟ.

ಆ ದೇಶದ ಹಣವನ್ನು ಹೆಚ್ಚು ದಿನ ಇಟ್ಟುಕೊಳ್ಳಬೇಡಿ ಎನ್ನುವುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ. ಈಜಿಪ್ಟ್ 2024ರ ಮಾರ್ಚ್ 6ರಂದು ತನ್ನ ಪೌಂಡಿನ ಕಟ್ಟು ಸಡಿಲಿಸಿತು. ಬೆಳಿಗ್ಗೆ ಡಾಲರಿಗೆ ಸುಮಾರು 31 ಪೌಂಡ್ ಇದ್ದದ್ದು ಅದೇ ದಿನ 50ರ ಸಮೀಪಕ್ಕೆ ಹೋಯಿತು. ವ್ಯಾಪಾರದಲ್ಲಿ ಗಳಿಸಿದ 31,000 ಪೌಂಡನ್ನು ಚೀಲದಲ್ಲಿಟ್ಟುಕೊಂಡಿದ್ದವರ ಸಾವಿರ ಡಾಲರ್ ಸಂಜೆಯ ಹೊತ್ತಿಗೆ ಆರುನೂರು ಚಿಲ್ಲರೆಯಾಯಿತು. ಅದೇ ವರ್ಷ ಜುಲೈ 29ರಂದು ಇಥಿಯೋಪಿಯಾ ಇದನ್ನೇ ಮಾಡಿತು. ಡಾಲರಿಗೆ 57ರ ಆಸುಪಾಸಿನಲ್ಲಿದ್ದ ಬಿರ್ ಕೆಲವೇ ವಾರಗಳಲ್ಲಿ 100 ದಾಟಿತು. ನೈಜೀರಿಯಾದ ನೈರಾ 2023ರ ಜೂನಿನಲ್ಲಿ ಕುಸಿಯಿತು. ಊರಿನಲ್ಲಿ ಕೈಸಾಲ ಎತ್ತಿ, ಬಡ್ಡಿ ಕಟ್ಟುತ್ತಾ ಹೋದವರಿಗೆ ಇಂಥ ಒಂದು ದಿನ ಇಡೀ ಪ್ರಯಾಣದ ಲಾಭವನ್ನು ನುಂಗಿಬಿಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಲೆಕ್ಕ ಮಾಡಿ, ಮುಂದಿನ ವಾರದ ಊಟ, ಬಾಡಿಗೆ, ಓಡಾಟಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬ್ಯಾಂಕು ಅಥವಾ ಪರವಾನಗಿಯ ಅಂಗಡಿಯಲ್ಲಿ ಗಟ್ಟಿ ನೋಟಿಗೆ ಬದಲಾಯಿಸಬೇಕು. ಡಾಲರಿನ ಅಭಾವ ಇರುವ ದೇಶಗಳಲ್ಲಿ ಬ್ಯಾಂಕು ಡಾಲರ್ ಕೊಡುವುದಿಲ್ಲ, ಬೀದಿಯಲ್ಲಿ ಮಾತ್ರ ಸಿಗುತ್ತದೆ, ಆಗ ಏನು ಮಾಡುವುದು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಂಥ ದೇಶದಲ್ಲಿ ವ್ಯಾಪಾರಕ್ಕೆ ಕೂರುವ ಮೊದಲೇ ಇದನ್ನು ವಿಚಾರಿಸಿ, ಗಳಿಸಿದ್ದನ್ನು ನ್ಯಾಯವಾಗಿ ಹೊರತರಲು ದಾರಿಯಿಲ್ಲದ ದೇಶವನ್ನು ಪಟ್ಟಿಯಿಂದ ಬಿಡುವುದೇ ಸರಿ. ಅಲ್ಲಿ ಸರಕು ಎಷ್ಟು ಬೇಗ ಖರ್ಚಾದರೂ ಆ ಲಾಭ ಊರಿಗೆ ಬರುವುದಿಲ್ಲ.

ಕಾರ್ಡಿನ ವಿಷಯದಲ್ಲಿ ನಮ್ಮ ಭಾಗದವರು ಎಡವುವುದು ಒಂದು ಸಣ್ಣ ಸಂಗತಿಯಲ್ಲಿ. ಜನಧನ ಖಾತೆಯ ಜೊತೆ ಬಂದ ಸಾಮಾನ್ಯ ರುಪೇ ಕಾರ್ಡು ದೇಶದೊಳಗಿನ ಬಳಕೆಗೆ ಮಾಡಿದ್ದು. ಹುಣಸೂರಿನ ಎಟಿಎಂನಲ್ಲಿ ಕೆಲಸ ಮಾಡಿದ ಕಾರ್ಡು ಹೊರದೇಶದಲ್ಲಿ ಸುಮ್ಮನಿರುತ್ತದೆ. ಹೊರದೇಶಕ್ಕೆ ಹೊಂದುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡನ್ನು ಬ್ಯಾಂಕಿನಲ್ಲಿ ಕೇಳಿ ಪಡೆಯಬೇಕು. ಪಡೆದರೂ ಸಾಲದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿರುತ್ತದೆ. ಮೊಬೈಲ್ ಆ್ಯಪ್‌ನಲ್ಲೋ ಶಾಖೆಯಲ್ಲೋ ಅದನ್ನು ತೆರೆಸಬೇಕು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ರೋಮಿಂಗ್ ಹಾಕಿಸದೆ ಹೊರಟರೆ ಒಟಿಪಿ ಬರುವುದಿಲ್ಲ, ಒಟಿಪಿ ಬರದಿದ್ದರೆ ಖಾತೆಯಲ್ಲಿ ಲಕ್ಷವಿದ್ದರೂ ಅದು ಇಲ್ಲದ ಹಾಗೆಯೇ. ಹಲವು ಮನೆಗಳಲ್ಲಿ ಖಾತೆಗೆ ಜೋಡಿಸಿರುವುದು ಮಗನದೋ ಅಳಿಯನದೋ ಸಂಖ್ಯೆ. ಹೊರಡುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ. ಕಾರ್ಡು ಉಜ್ಜಿದಾಗ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲೇ ಕೊಡುತ್ತೀರಾ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಆರಿಸಿ. ರೂಪಾಯಿ ಎಂದು ಒತ್ತಿದರೆ ಪರಿವರ್ತನೆಯ ದರವನ್ನು ಆ ಯಂತ್ರದವರು ತಮಗೆ ಬೇಕಾದಂತೆ ಹಾಕುತ್ತಾರೆ. ಸಾಮಾನ್ಯ ಕಾರ್ಡುಗಳಲ್ಲಿ ವಿದೇಶಿ ವಹಿವಾಟಿಗೆ ಶೇ 3.5ರವರೆಗೆ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಲಕ್ಷ ರೂಪಾಯಿಗೆ 4,130 ರೂಪಾಯಿ. ಡಾಲರ್ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡಿನಲ್ಲಿ ಡಾಲರಿನಲ್ಲೇ ಖರ್ಚು ಮಾಡಿದರೆ ಈ ಹೊರೆ ಇಳಿಯುತ್ತದೆ. ಆದರೂ ಎರಡು ಬೇರೆ ಬ್ಯಾಂಕಿನ ಕಾರ್ಡುಗಳಿರಲಿ, ಎರಡೂ ಒಂದೇ ಪರ್ಸಿನಲ್ಲಿ ಬೇಡ.

ಈಗ ಯುಪಿಐ ಬಂದಿದೆಯಲ್ಲ, ಫೋನ್ ಒಂದಿದ್ದರೆ ಸಾಕಲ್ಲವೇ ಎನ್ನುವವರಿದ್ದಾರೆ. ಭೂತಾನ್, ನೇಪಾಳ, ಸಿಂಗಪುರ, ಶ್ರೀಲಂಕಾ, ಮಾರಿಷಸ್, ಯುಎಇಗಳ ಕೆಲವು ಅಂಗಡಿಗಳಲ್ಲಿ, ಫ್ರಾನ್ಸಿನ ಐಫೆಲ್ ಗೋಪುರದಲ್ಲಿ ಯುಪಿಐ ನಡೆಯುತ್ತದೆ, ನಿಜ. ಆ ದೇಶಗಳಲ್ಲೂ ಎಲ್ಲ ಅಂಗಡಿಗಳಲ್ಲಿ ಅಲ್ಲ. ಪಕ್ಷಿರಾಜಪುರದವರು ಹೋಗುವ ಆಫ್ರಿಕಾದ ಒಳನಾಡಿನ ಸಂತೆಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸುಡಾನ್‌ನಂಥ ದೇಶದಲ್ಲಿ ವರ್ಷಗಟ್ಟಲೆ ಅಮೆರಿಕದ ನಿರ್ಬಂಧಗಳಿದ್ದ ಕಾರಣ ಹೊರಗಿನ ಕಾರ್ಡುಗಳೇ ಬಹುತೇಕ ನಡೆಯುತ್ತಿರಲಿಲ್ಲ. ಯುದ್ಧ ಬಂದ ಮೇಲೆ ಕರೆಂಟು, ನೆಟ್‌ವರ್ಕ್ ಎರಡೂ ಹೋದವು. ಫೋನು ಸತ್ತ ದಿನ ಕೆಲಸಕ್ಕೆ ಬರುವುದು ನೋಟು ಮಾತ್ರ. ನೋಟು ಕಳ್ಳತನವಾದೀತು ಎಂಬ ಭಯಕ್ಕೂ ಬೆಲೆಯಿದೆ. ಅದಕ್ಕೆ ಉತ್ತರ, ಎಲ್ಲವನ್ನೂ ಒಂದೇ ಕಡೆ ಇಡದಿರುವುದು: ಗುಂಪಿನಲ್ಲಿ ಹೋಗುವವರು ಇಡೀ ಗುಂಪಿನ ಹಣವನ್ನು ಒಬ್ಬ ಯಜಮಾನನ ಸೊಂಟದ ಚೀಲದಲ್ಲಿ ಕಟ್ಟುವ ಪದ್ಧತಿಯನ್ನು ಬಿಡಬೇಕು. ಹೆಂಗಸರು, ಗಂಡಸರು, ದೊಡ್ಡ ಮಕ್ಕಳು ಎಲ್ಲರ ಬಳಿಯೂ ಸ್ವಲ್ಪ ಸ್ವಲ್ಪ ಇರಲಿ. ಪಾಸ್‌ಪೋರ್ಟಿನ ಜೆರಾಕ್ಸ್ ಜೊತೆಗೆ ಹಣದ ರಸೀದಿಯ ಜೆರಾಕ್ಸ್ ಕೂಡ ಪ್ರತಿಯೊಬ್ಬರ ಹತ್ತಿರ ಇರಲಿ.

ಕಾದಿಟ್ಟ ಪಾಲಿನ ಬಗ್ಗೆ ಹೇಳಿದರೆ ಬರುವ ಆಕ್ಷೇಪಣೆ ಗಟ್ಟಿಯಾದದ್ದು. ಬಡ ವ್ಯಾಪಾರಿಗೆ ಬಂಡವಾಳವೇ ಸಾಲ. ಆ ಸಾಲದಲ್ಲಿ ಒಂದು ಪಾಲನ್ನು ಖರ್ಚು ಮಾಡದೆ ಇಟ್ಟರೆ ಅದಕ್ಕೂ ಬಡ್ಡಿ ಕಟ್ಟಬೇಕಲ್ಲ, ಅದರ ಬದಲು ಇನ್ನೂ ನಾಲ್ಕು ಡಬ್ಬ ಎಣ್ಣೆ ಒಯ್ದರೆ ಅಲ್ಲೇ ದುಡ್ಡಾಗುತ್ತದೆ ಎಂಬ ವಾದ. ಸರಕು ದುಡ್ಡಾಗಬೇಕಾದರೆ ಸಂತೆ ನಡೆಯಬೇಕು, ಅನುಮತಿ ಇರಬೇಕು, ಸರಕು ಕಸ್ಟಮ್ಸ್ ದಾಟಬೇಕು. ಈ ಮೂರರಲ್ಲಿ ಒಂದು ತಪ್ಪಿದ ದಿನವೇ ಮರಳುವ ಹಣ ಬೇಕಾಗುವುದು. ಸರಕಿನಲ್ಲಿ ಹೂಡಿದ ಹಣ ಹಾಗಾಗಿ ಕೆಟ್ಟ ದಿನದ ಹಣವಾಗಲಾರದು. ಎಷ್ಟು ಇಡಬೇಕು ಎಂಬುದಕ್ಕೆ ನಾನು ಇಡುವ ಅಳತೆ: ಆ ದಿನವೇ ಕೊಳ್ಳುವ ಒಂದು ಕಡೆಯ ವಿಮಾನ ಟಿಕೆಟ್, ಹತ್ತು ದಿನಗಳ ಊಟ-ವಸತಿ, ವೀಸಾ ಅವಧಿ ಮೀರಿದರೆ ಕಟ್ಟಬೇಕಾಗುವ ದಂಡ. ಇದರಲ್ಲಿ ಅರ್ಧ ಜೊತೆಯಲ್ಲಿ ನೋಟಾಗಿ ಇರಲಿ, ಇನ್ನರ್ಧ ಊರಿನ ಖಾತೆಯಲ್ಲಿ. ಊರಿನಲ್ಲಿರುವವರು ಆ ಹಣದಿಂದ ಟಿಕೆಟನ್ನು ಇಲ್ಲಿಂದಲೇ ಕಾಯ್ದಿರಿಸಿ ಕಳಿಸಬಲ್ಲರು. ಅದಕ್ಕೆ ಅವರ ಹತ್ತಿರ ಪ್ರತಿಯೊಬ್ಬರ ಪಾಸ್‌ಪೋರ್ಟ್ ವಿವರ ಇರಬೇಕು. ಇಷ್ಟು ಎತ್ತಿಡಲಾಗದಿದ್ದರೆ ಸರಕು ಕಡಿಮೆ ಮಾಡಿ, ಇಲ್ಲವೆ ಹೋಗುವ ಜನರನ್ನು ಕಡಿಮೆ ಮಾಡಿ. ಇದು ಕಠಿಣವಾಗಿ ಕೇಳಿಸಬಹುದು. ಎಲ್ ಫಾಶರ್‌ನಲ್ಲಿ ಅನ್ನ-ನೀರಿಗೆ ಪರದಾಡಿದವರ ಸ್ಥಿತಿಗಿಂತ ಕಠಿಣವಲ್ಲ.

ಸರ್ಕಾರ ಕರೆತರುತ್ತದಲ್ಲ ಎಂಬ ಮಾತೂ ಇದೆ. 2023ರ ಏಪ್ರಿಲ್ 24ರಂದು ಶುರುವಾದ ಆಪರೇಷನ್ ಕಾವೇರಿಯಲ್ಲಿ 3,862 ಮಂದಿಯನ್ನು ಸುಡಾನ್‌ನಿಂದ ಹೊರತಂದದ್ದು ನಿಜ, ಅದು ಹೆಮ್ಮೆಯ ಕೆಲಸ. ಆದರೆ ಕಾದಾಟ ಶುರುವಾದದ್ದಕ್ಕೂ ಅದಕ್ಕೂ ನಡುವೆ ಒಂಬತ್ತು ದಿನ ಕಳೆದಿದ್ದವು. ಹಡಗುಗಳು ನಿಂತಿದ್ದುದು ಕೆಂಪು ಸಮುದ್ರದ ಪೋರ್ಟ್ ಸುಡಾನ್‌ನಲ್ಲಿ. ಖಾರ್ಟೂಮಿನಿಂದಲೇ ಅಲ್ಲಿಗೆ 800 ಕಿಲೋಮೀಟರಿಗೂ ಹೆಚ್ಚು ದಾರಿ, ಎಲ್ ಫಾಶರ್ ಅದಕ್ಕೂ ಎಷ್ಟೋ ಆಚೆ. ಆ ದಿನಗಳನ್ನು ಜನ ತಮ್ಮ ಕೈಯಲ್ಲಿದ್ದದ್ದರಲ್ಲೇ ಕಳೆಯಬೇಕಾಯಿತು. ಸಂಕಷ್ಟದಲ್ಲಿರುವ ಭಾರತೀಯರಿಗಾಗಿ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದು 2009ರಿಂದ ಇದೆ. ದೂರು ಕೊಡಲು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣವಿದೆ. ದೇಶಕ್ಕೆ ಕಾಲಿಟ್ಟ ಕೂಡಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದರೆ ಹುಡುಕುವ ಕೆಲಸ ಸುಲಭವಾಗುತ್ತದೆ. ಈ ನೆರವು ನಿಮ್ಮ ಕಾದಿಟ್ಟ ಹಣದ ಜೊತೆಗೆ ಇರಬೇಕಾದದ್ದು, ಅದರ ಬದಲಿಗೆ ಅಲ್ಲ.

ಗಳಿಸಿದ್ದನ್ನು ಊರಿಗೆ ಕಳಿಸುವ ವಿಷಯದಲ್ಲಿ ಹವಾಲಾದ ಸೆಳೆತ ದೊಡ್ಡದು. ಫೋನ್ ಮಾಡಿದರೆ ಸಂಜೆಯೊಳಗೆ ಮನೆ ಬಾಗಿಲಿಗೆ ರೂಪಾಯಿ ಬರುತ್ತದೆ, ದರವೂ ಬ್ಯಾಂಕಿಗಿಂತ ಚೆನ್ನಾಗಿರುತ್ತದೆ ಎನ್ನುತ್ತಾರೆ. ಆದರೆ ಮಧ್ಯದವನು ಕೈಯೆತ್ತಿದರೆ ಕೇಳಲು ಕಾಗದವಿಲ್ಲ, ಠಾಣೆಯಿಲ್ಲ. ಸಿಕ್ಕಿಬಿದ್ದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ. ಕೆಟ್ಟ ದಿನದಲ್ಲಿ ಕೆಲಸಕ್ಕೆ ಬರುತ್ತದೆಯೇ ಎಂಬ ನಮ್ಮ ಮೊದಲ ಪ್ರಶ್ನೆಗೆ ಹವಾಲಾ ಉತ್ತರ ಕೊಡಲಾರದು. ವೆಸ್ಟರ್ನ್ ಯೂನಿಯನ್, ಮನಿಗ್ರಾಮ್‌ನಂಥ ಸೇವೆಗಳಲ್ಲಿ ಮನೆಖರ್ಚಿಗೆ ಒಂದು ಸಲಕ್ಕೆ 2,500 ಡಾಲರಿನವರೆಗೆ, ಒಬ್ಬರಿಗೆ ವರ್ಷಕ್ಕೆ 30 ಸಲ ಕಳಿಸಬಹುದು. 50,000 ರೂಪಾಯಿವರೆಗೆ ನಗದಾಗಿ, ಹೆಚ್ಚಿನದು ಖಾತೆಗೆ ಬರುತ್ತದೆ. ಇದು ವ್ಯಾಪಾರದ ಹಣಕ್ಕೆ ಮಾಡಿದ ದಾರಿಯಲ್ಲ. ಮಾರಾಟಕ್ಕೆಂದು ಸರಕು ಒಯ್ಯುವುದು ರಫ್ತು. ಅದಕ್ಕೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಆಮದು-ರಫ್ತು ಸಂಖ್ಯೆ ಪಡೆಯಬಹುದು. ಆ ಸಂಖ್ಯೆ, ಸರಕಿನ ಬಿಲ್ಲು, ಸರಿಯಾದ ಬಗೆಯ ವೀಸಾ ಇದ್ದರೆ ಮಾರಿ ಬಂದ ಹಣವನ್ನು ತಲೆಯೆತ್ತಿ ಬ್ಯಾಂಕಿಗೆ ಕಟ್ಟಬಹುದು, ಆ ವಹಿವಾಟನ್ನು ತೋರಿಸಿ ಮುಂದಿನ ಪ್ರಯಾಣಕ್ಕೆ ಬ್ಯಾಂಕಿನಿಂದಲೇ ಸಾಲ ಕೇಳಬಹುದು. ಪ್ರವಾಸಿ ವೀಸಾದಲ್ಲಿ ಹೋಗಿ ಅಂಗಡಿ ಹಾಕುವುದು ಹಲವು ದೇಶಗಳಲ್ಲಿ ಅಪರಾಧ. ಸರಕು, ಹಣ ಎರಡನ್ನೂ ಅಲ್ಲಿನ ಪೊಲೀಸರು ಹಿಡಿದುಕೊಂಡರೆ ಕೇಳುವವರಿಲ್ಲ.

ಸಮುದ್ರದಾಳಕ್ಕೆ ಇಳಿಯಲು ಹೋಗುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಸಂದರ್ಭ ಮಾತ್ರ ಬೇರೆ. ಮುರುಡೇಶ್ವರದ ನೇತ್ರಾಣಿಯಲ್ಲಿ ಡೈವಿಂಗ್ ಮಾಡಿದರೆ ರೂಪಾಯಿಯಲ್ಲೇ ಮುಗಿಯುತ್ತದೆ. ಮಾಲ್ಡೀವ್ಸ್‌ನಲ್ಲಿ ಡೈವಿಂಗಿನ ದರ ಸಾಮಾನ್ಯವಾಗಿ ಡಾಲರಿನಲ್ಲಿ, ಈಜಿಪ್ಟಿನ ಕೆಂಪು ಸಮುದ್ರದ ತೀರದಲ್ಲಿ ಯೂರೋ ಅಥವಾ ಡಾಲರಿನಲ್ಲಿ. ಹೇಳಿದ ದರದಲ್ಲಿ ಸಲಕರಣೆಯ ಬಾಡಿಗೆ, ದೋಣಿ, ತೆರಿಗೆ ಸೇರಿದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ. ಮಾಲ್ಡೀವ್ಸ್‌ನಲ್ಲಿ 2025ರಿಂದ ಹಸಿರು ತೆರಿಗೆಯೇ ರೆಸಾರ್ಟುಗಳಲ್ಲಿ ಒಬ್ಬರಿಗೆ ದಿನಕ್ಕೆ 12 ಡಾಲರ್, ಜನವಸತಿಯ ದ್ವೀಪಗಳ ಚಿಕ್ಕ ಅತಿಥಿಗೃಹಗಳಲ್ಲಿ 6 ಡಾಲರ್. ದಿನಗಟ್ಟಲೆ ದೋಣಿಯಲ್ಲೇ ಇರುವ ಪ್ರವಾಸವಾದರೆ ನಡುಗಡಲಲ್ಲಿ ಎಟಿಎಂ ಇಲ್ಲ, ನೋಟು ನೀರು ಹೋಗದ ಡಬ್ಬಿಯಲ್ಲಿರಬೇಕು. ಇಲ್ಲಿ ಕೆಟ್ಟ ದಿನವೆಂದರೆ ಒತ್ತಡದ ಕಾಯಿಲೆ. ಆಳದಿಂದ ಬೇಗ ಮೇಲೆ ಬಂದಾಗ ರಕ್ತದಲ್ಲಿ, ಅಂಗಾಂಶದಲ್ಲಿ ಸಾರಜನಕದ ಗುಳ್ಳೆಗಳಾಗಿ ಬರುವ ಈ ಕಾಯಿಲೆಗೆ ಒತ್ತಡದ ಕೋಣೆಯಲ್ಲಿ ಚಿಕಿತ್ಸೆ ಬೇಕು, ಅದು ದುಬಾರಿ, ಗುಣವಾದ ಮೇಲೂ ಕೆಲವು ದಿನ ವಿಮಾನ ಹತ್ತಲು ಬಿಡುವುದಿಲ್ಲ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಡೈವಿಂಗ್ ಹೊರಗಿಟ್ಟಿರುವುದೇ ಹೆಚ್ಚು. ಪಾಲಿಸಿಯಲ್ಲಿ ಸ್ಕೂಬಾ ಎಂಬ ಹೆಸರು, ಎಷ್ಟು ಮೀಟರ್ ಆಳದವರೆಗೆ ಎಂಬ ಮಾತು ಇದೆಯೇ ನೋಡಿ. ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಬೇಕಾದ್ದರಿಂದ ಆ ಒಂದು ದಿನದ ವಸತಿಯ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.

ಮರಳಿ ಬಂದ ಮೇಲಿನ ಕೆಲಸ ಚಿಕ್ಕದು. 5,000 ಡಾಲರಿಗಿಂತ ಹೆಚ್ಚು ವಿದೇಶಿ ನೋಟು, ಅಥವಾ ಎಲ್ಲ ರೂಪ ಸೇರಿ 10,000 ಡಾಲರಿಗಿಂತ ಹೆಚ್ಚು ತಂದರೆ ವಿಮಾನ ನಿಲ್ದಾಣದಲ್ಲೇ ಘೋಷಿಸಬೇಕು; ಘೋಷಿಸಿದರೆ ತೊಂದರೆಯಿಲ್ಲ, ಬಚ್ಚಿಟ್ಟರೆ ಹೋಗುತ್ತದೆ. ಉಳಿದ ನೋಟುಗಳನ್ನು 180 ದಿನಗಳೊಳಗೆ ಬ್ಯಾಂಕಿಗೆ ಕೊಡಬೇಕು, 2,000 ಡಾಲರಿನವರೆಗೆ ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು. ಮತ್ತೆ ಹೋಗುವುದು ಖಚಿತವಿರುವವರಿಗೆ ಹೀಗೆ ಇಟ್ಟುಕೊಳ್ಳುವುದೇ ಲಾಭ, ಎರಡು ಸಲ ಬದಲಾಯಿಸುವ ಖರ್ಚು ಉಳಿಯುತ್ತದೆ.

ಇಷ್ಟೆಲ್ಲವನ್ನೂ ಓದು ಬಲ್ಲವರು ತಾವೇ ಮಾಡಿಕೊಳ್ಳುತ್ತಾರೆ. ಪಕ್ಷಿರಾಜಪುರದ ಎಷ್ಟೋ ಮನೆಗಳಲ್ಲಿ ವೀಸಾ, ಟಿಕೆಟ್, ಡಾಲರ್ ಮೂರಕ್ಕೂ ಏಜೆಂಟನೊಬ್ಬನನ್ನೇ ನಂಬಬೇಕಾಗಿದೆ. ಹುಣಸೂರಿನ ಬ್ಯಾಂಕುಗಳ ವ್ಯವಸ್ಥಾಪಕರಲ್ಲಿ, ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ಅಧಿಕಾರಿಗಳಲ್ಲಿ ಒಂದು ಕೋರಿಕೆ: ವರ್ಷಕ್ಕೆ ಎರಡು ಸಲ ಆ ಊರಿಗೇ ಬಂದು ಕೂತು, ಹೊರಡುವವರ ಕಾರ್ಡಿನ ವಿದೇಶಿ ಬಳಕೆ ತೆರೆದು, ಮೊಬೈಲ್ ಸಂಖ್ಯೆ ಸರಿಪಡಿಸಿ, ಪ್ಯಾನ್ ಮತ್ತು ರಫ್ತು ಸಂಖ್ಯೆಯ ಅರ್ಜಿ ತುಂಬಿಸಿಕೊಡಿ. ಅದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಅನುದಾನ ಬೇಕಿಲ್ಲ. ಒಂದು ಮೇಜು, ಇಬ್ಬರು ಸಿಬ್ಬಂದಿ, ಒಂದು ದಿನ ಸಾಕು.